ಆರನೆಯ ಗಂಟು

ನಮ್ಮ ಊರಿನವರು ಗಡಿ ದಾಟುವ ಮುನ್ನ ಎದುರುಮನೆಯವರ ಕೈಯಲ್ಲಿ ದಾರಕ್ಕೆ ಗಂಟು ಹಾಕಿಸಿಕೊಳ್ಳುತ್ತಾರೆ. ಹೋಗುವವರು ತಾವೇ ಹಾಕಿಕೊಳ್ಳುವಂತಿಲ್ಲ. ನಮಗೆ ಹಾಕಿಕೊಟ್ಟವಳು ಕಾಳಮ್ಮ. ನಾವೆಲ್ಲ ಕಾರಿನಲ್ಲಿ ಕೂತ ಮೇಲೆ ಆಕೆ ಕಿಟಕಿಯಲ್ಲಿ ಬಗ್ಗಿ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿ, ಮುಖಕ್ಕೊಂದರಂತೆ ಆರು ಗಂಟು ಹಾಕಿ, ದಾರವನ್ನು ಅಪ್ಪನ ಕೈಗೆ ಕೊಟ್ಟಳು. ನನ್ನ ಮುಖಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. "ಗೇಟಲ್ಲಿ ಬಾಯಿ ಬಿಟ್ಟು ಹೇಳಪ್ಪ, ದಮ್ಮಯ್ಯ. ಅಲ್ಲಿ ಗೋಣು ಆಡಿಸಿದ್ರೆ ನಡೆಯಲ್ಲ," ಎಂದಳು. ನಾನು ಗೋಣು ಆಡಿಸಿದೆ.

ಆಚೆ ಸೀಮೆಯಲ್ಲಿ ಮನೆಯವರಿಗೆ ಮನೆಯವರು ಮರೆತುಹೋಗುತ್ತಾರೆ. ಎಲ್ಲರೂ ಅಲ್ಲ, ಎಲ್ಲ ಸಲವೂ ಅಲ್ಲ. ಅದಕ್ಕೇ ಗಡಿಯ ಗೇಟಿನಲ್ಲಿ ದಾರ ಹಿಡಿದವರು ಒಂದೊಂದು ಗಂಟನ್ನು ಮುಟ್ಟಿ ಒಬ್ಬೊಬ್ಬರ ಹೆಸರು ಕರೆಯಬೇಕು, ಕರೆಸಿಕೊಂಡವರು ಓಗೊಡಬೇಕು. ಒಂದು ಗಂಟಿಗೆ ಒಂದೇ ಕರೆ. ಹೋಗುವಾಗ ಓಗೊಡದವನ ಗಂಟು ಸಡಿಲವಾಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ಬರುವಾಗ ಹೆಸರು ಸಿಗದ ಗಂಟನ್ನು, ಓಗೊಡುವವರಿಲ್ಲದ ಗಂಟನ್ನು, ಕಾವಲಿನವನು ಕತ್ತರಿಸಿ ಗೇಟಿನ ಸರಳಿಗೆ ಕಟ್ಟುತ್ತಾನೆ. ಆ ಗಂಟಿನವರು ಆಚೆಗೇ ಉಳಿಯುತ್ತಾರೆ. ಚಿಕ್ಕವನಿದ್ದಾಗ ಆ ಸರಳುಗಳ ತುಂಬ ಬಿಸಿಲಿಗೆ ಬಣ್ಣ ಹೋದ ದಾರದ ತುಣುಕುಗಳನ್ನು ನೋಡಿ, ಯಾರೋ ಹರಕೆ ಕಟ್ಟಿದ್ದಾರೆ ಅಂದುಕೊಂಡಿದ್ದೆ.

ಹೋಗಲೇಬೇಕಾದ ಪ್ರಯಾಣವೇನೂ ಅದಾಗಿರಲಿಲ್ಲ. ಅಕ್ಕನ ಮಗಳು ಮಿಂಚುವಿಗೆ ಏಳು ವರ್ಷ. ಯಾವುದೋ ಪುಸ್ತಕದಲ್ಲಿ ಉಷ್ಟ್ರಪಕ್ಷಿಯ ಚಿತ್ರ ನೋಡಿದ್ದಳು. ಗಡಿಯಾಚೆಯ ಪ್ರಾಣಿವನದಲ್ಲಿ ಅದು ಇದೆಯೆಂದು ಅವಳ ಟೀಚರು ಹೇಳಿದ್ದರು. ರಜೆ ಬಂದ ದಿನದಿಂದ ಒಂದೇ ಹಟ. ಕೊನೆಗೆ ಅಪ್ಪ ಒಪ್ಪಿ ತನ್ನ ಡ್ರೈವಿಂಗ್ ಸ್ಕೂಲಿನ ಕಾರನ್ನೇ ತೆಗೆದ. ಮೂವತ್ತು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದವನು ಅಪ್ಪ. ಪಾಠದ ಹೊತ್ತಿನಲ್ಲಿ "ಕ್ಲಚ್ಚು! ಕ್ಲಚ್ಚು!" ಎಂದು ಕೂಗಿ ಕೂಗಿ ಊರಲ್ಲಿ ಕ್ಲಚ್ಚಯ್ಯ ಎಂದೇ ಹೆಸರು. ಆ ಕಾರಿಗೆ ಪಕ್ಕದ ಸೀಟಿನ ಕೆಳಗೂ ಒಂದು ಜೊತೆ ಪೆಡಲುಗಳಿವೆ. ಅಮ್ಮ ಅಲ್ಲಿ ಕೂತರೆ, ಎಲ್ಲಿ ತುಳಿದುಬಿಡುತ್ತೇನೋ ಎಂದು ಕಾಲು ಮಡಚಿ ಸೀಟಿನ ಮೇಲಿಟ್ಟುಕೊಳ್ಳುತ್ತಾಳೆ. ಹಿಂದಿನ ಸೀಟಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ರೇಣುಕಪ್ಪ ಭಾವ, ಚಂಪಕ್ಕ, ಅವಳ ತೊಡೆಯ ಮೇಲೆ ಮಿಂಚು, ಎಡಗಡೆಯ ಬಾಗಿಲಿಗೆ ಒತ್ತಿಕೊಂಡು ನಾನು.

ನಾನು ಅಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ನೆಂಟರ ಮನೆಯ ಗೃಹಪ್ರವೇಶದಲ್ಲಿ ಪಂಕ್ತಿಗೆ ಕೂತಾಗ ಯಾರೋ ಹಿರಿಯರು, "ಮಗ ಏನ್ ಮಾಡ್ತಾನೆ?" ಎಂದು ಕೇಳಿದರು. "ಎಂ.ಎ. ಮುಗಿಸಿ ಮನೇಲಿದಾನೆ. ಮಾತಿಲ್ಲ ಕತೆಯಿಲ್ಲ. ಅವನು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ," ಎಂದ ಅಪ್ಪ, ನಗುತ್ತ. ಬೇರೆ ಊರುಗಳಲ್ಲಿ ಅದು ತಮಾಷೆಯ ಮಾತಿರಬಹುದು. ನಮ್ಮ ಊರಿನಲ್ಲಿ ಕಳೆದುಹೋದ ಛತ್ರಿಯ ವಿಷಯದಲ್ಲೂ ಯಾರೂ ಹಾಗನ್ನುವುದಿಲ್ಲ. ಬಡಿಸುತ್ತಿದ್ದವರ ಸೌಟು ಅಲ್ಲೇ ನಿಂತಿತು. ನಾನು ಎದ್ದು ಹೋಗಲಿಲ್ಲ. ಪಾಯಸವನ್ನೂ ಉಂಡು ಎದ್ದೆ. ಅವತ್ತಿನಿಂದ ಅಪ್ಪ ಏನು ಕೇಳಿದರೂ ಉತ್ತರ ಕೊಡಲಿಲ್ಲ. ಸುಮ್ಮನಿರುವುದು ನನಗೆ ಮೊದಲಿನಿಂದ ಇಷ್ಟ. ಈಗ ಅದಕ್ಕೊಂದು ಕಾರಣ ಸಿಕ್ಕಿತ್ತು. ಅದನ್ನು ನಾನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ.

ಗೇಟಿನಲ್ಲಿ ಅಪ್ಪ ದಾರ ಹಿಡಿದು ಕರೆಯಲು ಶುರು ಮಾಡಿದ. "ಸಾಕಮ್ಮ," ಎಂದ. ಗಂಡ ತನ್ನ ಹೆಸರು ಹಿಡಿದು ಕರೆಯುವುದು ಅಲ್ಲಿ ಮಾತ್ರವಾದ್ದರಿಂದ ಅಮ್ಮ ನಾಚಿಕೊಂಡು ಓ ಎಂದಳು. ಚಂಪಕ್ಕ ಓ ಎಂದಳು. ಭಾವ ಗಂಟಲು ಸರಿಮಾಡಿಕೊಂಡು ಓ ಎಂದ. ಮಿಂಚು ಕಾವಲಿನವನು ಬೆಚ್ಚುವಷ್ಟು ಜೋರಾಗಿ ಕೂಗಿದಳು. ಅಪ್ಪ ತನ್ನ ಗಂಟು ಮುಟ್ಟಿ ತನ್ನ ಹೆಸರು ತಾನೇ ಹೇಳಿಕೊಂಡು ಓ ಎಂದ. ದಾರ ಹಿಡಿದವರಿಗೆ ಅಷ್ಟು ವಿನಾಯಿತಿ ಇದೆ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಚನ್ನವೀರ."

ನಾನು ಗದ್ದ ಎತ್ತಿ ತೋರಿಸಿದೆ.

"ಅವನು ಓ ಅಂದ, ಅಪ್ಪ. ಇದಾನೆ, ನಡಿ," ಎಂದಳು ಚಂಪಕ್ಕ, ಬಿಸಿಲಿಗೆ ಬೇಸತ್ತು. ಕಾವಲಿನವನು ಆಕಳಿಸುತ್ತ ಅಡ್ಡಗಂಬ ಎತ್ತಿದ.

ಆಚೆ ಸೀಮೆಯಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತವೆ. ಎಡಕ್ಕೆ ಹೋಗು, ಎಡಕ್ಕೆ ಹೋಗು ಎಂದು ಮೂವತ್ತು ವರ್ಷ ಕಲಿಸಿದ ಅಪ್ಪನಿಗೆ ಬೆವರು ಬಂತು. "ಇಡೀ ದೇಶವೇ ತಪ್ಪು ಕಡೆ ಹೋಗ್ತಿದೆಯಲ್ರೀ ಅಳಿಯಂದ್ರೆ," ಎಂದ. "ಅವರ ಲೆಕ್ಕದಲ್ಲಿ ನಾವು ತಪ್ಪು, ಮಾವ," ಎಂದ ಭಾವ. ಅಮ್ಮ ಎದುರು ಬರುವ ಪ್ರತಿ ಲಾರಿಗೂ ಕಣ್ಣು ಮುಚ್ಚಿ ಕೈ ಮುಗಿದಳು. ಒಂದು ಗಂಟೆಯ ನಂತರ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ನಾನು ಮುಖ ತೊಳೆದುಕೊಂಡು ಬಂದು ನೋಡಿದರೆ ನನ್ನ ಜಾಗದಲ್ಲಿ ನೀರಿನ ಕ್ಯಾನು ಇತ್ತು. ಭಾವ ಕಾಲು ಅಗಲಿಸಿ ಆರಾಮವಾಗಿ ಕೂತಿದ್ದ. ಬಾಗಿಲು ತೆರೆದೆ.

"ಬಾಗಿಲು ಸರಿಯಾಗಿ ಹಾಕಿಲ್ಲ ನೋಡ್ರಿ, ತಾನೇ ತಕ್ಕೊಳ್ತು," ಎಂದು ಅಕ್ಕ ಕೈ ಚಾಚಿದಳು. ಅವಳು ಎಳೆದುಕೊಳ್ಳುವಷ್ಟರಲ್ಲಿ ನಾನು ಕ್ಯಾನಿನ ಪಕ್ಕ ತೂರಿಕೊಂಡೆ. ಅಕ್ಕನ ಮೊಣಕೈ ನನ್ನ ಪಕ್ಕೆಗೆ ಒತ್ತಿ ಅಲ್ಲೇ ನಿಂತಿತು. "ಭಾವ," ಎಂದೆ. "ಅಕ್ಕಾ," ಎಂದೆ. ಮೊದಲು ಆಟ ಆಡಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಕಿರುಚಿದೆ. ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ನನ್ನ ಹೆಸರು ಬರೆದೆ; ಅಕ್ಕ ಸೆರಗಿನ ತುದಿಯಲ್ಲಿ ಗಾಜು ಒರೆಸಿ, "ಎಷ್ಟು ಧೂಳು," ಎಂದಳು. ಅಷ್ಟು ಹೊತ್ತಿಗೆ ಮುಂದೆ ಅಪ್ಪ ಹಾಡತೊಡಗಿದ. ಯಾವುದೋ ಹಳೆಯ ಭಜನೆ. ಅಪ್ಪ ಹಾಡಿದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ನಾನು ಕಿರುಚುವುದನ್ನು ನಿಲ್ಲಿಸಿದೆ.

ಅವರಿಗೆ ಗೊತ್ತಾದದ್ದು ಊಟದ ಹೊತ್ತಿಗೆ. ರಸ್ತೆ ಬದಿಯ ಮರದ ಕೆಳಗೆ ಅಮ್ಮ ಪಲ್ಯ ಸುತ್ತಿದ ಚಪಾತಿಗಳನ್ನು ಹಂಚಿದಳು. ಎಲ್ಲರಿಗೂ ಕೊಟ್ಟ ಮೇಲೆ ಕೈಯಲ್ಲಿ ಒಂದು ಸುರುಳಿ ಉಳಿಯಿತು. "ಒಂದು ಜಾಸ್ತಿ ಕಟ್ಟಿದೀನಿ," ಎನ್ನುತ್ತ ನೋಡುತ್ತ ನಿಂತಳು. ಮಿಂಚು ತಾತನ ಜೇಬಿನಿಂದ ದಾರ ಎಳೆದು ಆಡುತ್ತಿದ್ದವಳು, "ತಾತ, ಆರು ಗಂಟಿದೆ," ಎಂದಳು.

ಅಪ್ಪ ದಾರ ಕಸಿದುಕೊಂಡು ಎಣಿಸಿದ. ಮುಖಗಳನ್ನು ಎಣಿಸಿದ. ತನ್ನ ಎದೆ ಮುಟ್ಟಿಕೊಂಡು ಮತ್ತೆ ಎಣಿಸಿದ.

"ಕಾಳಮ್ಮಂಗೆ ಕಣ್ಣು ಮಂಜು ಮಾವ. ಒಂದು ಹೆಚ್ಚಿಗೆ ಹಾಕಿರಬೇಕು," ಎಂದ ಭಾವ.

"ಆಯಮ್ಮ ಇಡೀ ಬೀದಿಗೆ ಗಂಟು ಹಾಕಿರೋಳು. ಒಂದು ತಪ್ಪಿಲ್ಲ ಇವತ್ತಿನವರೆಗೆ," ಎಂದ ಅಪ್ಪ.

ಡಿಕ್ಕಿ ತೆರೆದರು. ಬ್ಯಾಗುಗಳನ್ನು ಒಂದೊಂದಾಗಿ ಇಳಿಸಿ ನನ್ನದು, ನಿನ್ನದು ಎಂದರು. ನನ್ನ ನೀಲಿ ಬ್ಯಾಗು ಉಳಿಯಿತು. ಭಾವ ಅದನ್ನು ತೆರೆಯುವಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಒಂದು ಅಂಗಿ, ಒಂದು ಟವೆಲ್ಲು, ಪೆನ್ಸಿಲಿನಲ್ಲಿ ಗೆರೆ ಎಳೆದ ಒಂದು ಪುಸ್ತಕ. ನಾನು ಪುಸ್ತಕಗಳ ಮೇಲೆ ಹೆಸರು ಬರೆಯುವವನಲ್ಲ. ಅದೊಂದು ಜಂಬ ಎಂಬುದು ಆ ಹೊತ್ತಿನಲ್ಲಿ ಹೊಳೆಯಿತು.

"ಗಂಡಸು," ಎಂದ ಭಾವ. "ತೆಳ್ಳಗಿನೋನು. ಬಾಚಣಿಗೆ ಇಟ್ಕೊಂಡಿಲ್ಲ. ಓದಿದಾನೆ."

"ನಂಗೆ ತಮ್ಮ ಇದ್ನಾ? ಅಣ್ಣ ಇದ್ನಾ?" ಎಂದಳು ಚಂಪಕ್ಕ, ಅಂಗಿಯನ್ನು ಮೂಸಿ ನೋಡುತ್ತ. "ಅಮ್ಮ, ನೀನಾದ್ರೂ ಹೇಳೇ."

ಅಮ್ಮ ಮಣ್ಣಿನ ಮೇಲೆ ಕೂತುಬಿಟ್ಟಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿತ್ತು. "ಎಷ್ಟು ಹೆತ್ತೆ ಅಂತ ನಂಗೇ ಗೊತ್ತಿಲ್ವಲ್ಲೇ, ಚಂಪಾ," ಎಂದಳು. ನಾನು ಅವಳ ಎದುರು ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡಿದೆ. ಅವಳು ನನ್ನ ಹಿಂದಿದ್ದ ಕಾರಿನ ಚಕ್ರವನ್ನು ನೋಡುತ್ತಿದ್ದಳು.

ಮರೆತುಹೋದವರು ಎದುರಿಗಿದ್ದರೂ ಜನರ ಕಣ್ಣಿಗೆ ಬೀಳುವುದಿಲ್ಲ. ಪ್ರಾಣಿಗಳಿಗೆ ಈ ಮರೆವಿಲ್ಲ ಎಂಬುದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಪ್ರಾಣಿ ಎಲ್ಲಿ ನೋಡುತ್ತದೋ ಅಲ್ಲಿ ನಿಮ್ಮವನು ನಿಂತಿರುತ್ತಾನೆ. "ಬಂಕಲ್ಲೇ ಬಿಟ್ಟು ಬಂದಿದ್ರೆ?" ಎಂದು ಅಕ್ಕ ಅತ್ತಳು. "ಮೊದಲು ಜೊತೆಗಿದಾನಾ ನೋಡೋಣ, ಇಲ್ಲದಿದ್ರೆ ಬಂಕಿಗೆ," ಎಂದ ಅಪ್ಪ. ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ. ಉಷ್ಟ್ರಪಕ್ಷಿಗಾಗಿ ಹೊರಟವರು ಈಗ ನನ್ನನ್ನು ಹುಡುಕುವುದಕ್ಕಾಗಿ ಅದೇ ಪ್ರಾಣಿವನದ ಕಡೆ ಹೊರಟೆವು. ಅಪ್ಪ ಈಗ ಹಾಡಲಿಲ್ಲ.

ಪ್ರಾಣಿವನ ವಿಶಾಲವಾಗಿತ್ತು, ಜನ ಕಡಿಮೆ. ಐವರೂ ಒಬ್ಬರಿಂದೊಬ್ಬರು ದೂರ ದೂರ ಬಿಟ್ಟುಕೊಂಡು ನಡೆದರು. ಪ್ರಾಣಿಯ ಕಣ್ಣು ಯಾರೂ ಇಲ್ಲದ ಕಡೆ ಬಿದ್ದರೆ ತಿಳಿಯಲಿ ಎಂದು. ಕರಡಿ ಬೆನ್ನು ಹಾಕಿ ಮಲಗಿತ್ತು. ಜಿಂಕೆಗಳು ಮೇವಿನಿಂದ ತಲೆ ಎತ್ತಲಿಲ್ಲ. ನೀರಾನೆಯ ಕೊಳದಲ್ಲಿ ಎರಡು ಮೂಗಿನ ಹೊಳ್ಳೆ ಮಾತ್ರ ಕಂಡವು. ಮಂಗಗಳು ಮಿಂಚುವಿನ ಕೈಯಲ್ಲಿದ್ದ ಬಿಸ್ಕತ್ತನ್ನೇ ನೋಡಿದವು. ನಾನು ಕೈ ಬೀಸಿದೆ, ಕುಣಿದೆ, ಕಂಬಿಯನ್ನು ಅಲುಗಾಡಿಸಿದೆ. ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದಂತೆ ಗೋಡೆಗೆ ಒತ್ತಿಕೊಂಡು ನಡೆದವನು ನಾನು. ಪ್ರಾಣಿಗಳಿಗೂ ನಾನು ಕಾಣದಿದ್ದರೆ? ಎಲ್ಲರೂ ಬಂಕಿಗೆ ವಾಪಸು ಹೋಗಿ ಅಲ್ಲಿ ನನ್ನನ್ನು ಹುಡುಕುತ್ತಾರೆ. ಆರು ಗಂಟೆಯಾಗುತ್ತದೆ.

ಉಷ್ಟ್ರಪಕ್ಷಿಯ ಆವರಣ ಕೊನೆಯಲ್ಲಿತ್ತು. ಅಲ್ಲಿ ಒಂದೇ ಒಂದು ಹಕ್ಕಿ, ಸವೆದ ಕಸಪೊರಕೆಯ ಹಾಗೆ ಕೆದರಿದ ರೆಕ್ಕೆಯದು. ನಾನು ಬೇಲಿಯ ಹತ್ತಿರ ಹೋದ ಕೂಡಲೇ ಅದು ಕತ್ತು ತಿರುಗಿಸಿ ನೆಟ್ಟಗೆ ನನ್ನ ಮುಖ ನೋಡಿತು. ನಾನು ನಾಲ್ಕು ಹೆಜ್ಜೆ ಇಟ್ಟೆ. ತಂತಿಯ ಆಚೆ ಅದೂ ನಾಲ್ಕು ಹೆಜ್ಜೆ ಇಟ್ಟಿತು. ನಾನು ನಿಂತೆ, ಅದೂ ನಿಂತಿತು.

"ಮಾವ," ಎಂದ ಭಾವ ಪಿಸುಮಾತಿನಲ್ಲಿ. "ಅದು ಯಾರನ್ನ ನೋಡ್ತಿದೆ?"

ಎಲ್ಲರೂ ಬಂದು ನನ್ನ ಸುತ್ತ ಸ್ವಲ್ಪ ಜಾಗ ಬಿಟ್ಟು ನಿಂತರು. ಮಿಂಚು ಕೈ ಚಾಚಿದಳು. ಆ ಕೈ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಸರಿದು ನನ್ನ ಬೆರಳನ್ನು ಅವಳ ಅಂಗೈಯಲ್ಲಿಟ್ಟೆ. ಅವಳು ಅಂಗೈ ಮುಚ್ಚಲಿಲ್ಲ. ಅಮ್ಮ ಗಾಳಿಯ ಕಡೆಗೆ ಮುಖ ಮಾಡಿ, "ಯಾರಪ್ಪ ನೀನು? ನನ್ನ ಮಗಾನಾ? ಬೆಳಗಿಂದ ಏನೂ ತಿಂದಿಲ್ಲ ಅಲ್ವೇನೋ," ಎಂದು ಉಳಿದಿದ್ದ ಚಪಾತಿಯನ್ನು ಬೇಲಿಯ ಕಲ್ಲಿನ ಮೇಲಿಟ್ಟಳು. ನಾನು ಕೈ ಹಾಕುವುದರೊಳಗೆ ಹಕ್ಕಿ ತಂತಿಯ ಮೇಲಿಂದ ಕತ್ತು ಚಾಚಿ ಅದನ್ನು ನುಂಗಿತು. ಸುರುಳಿ ಅದರ ಉದ್ದ ಕತ್ತಿನಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಮಿಂಚು ನಕ್ಕಳು. ಆ ದಿನ ಯಾರಾದರೂ ನಕ್ಕದ್ದು ಅಷ್ಟೇ.

"ಅದಕ್ಕೆ ಕೊಡಬಾರದು. ಅಜೀರ್ಣ ಆಗ್ತದೆ," ಎಂದಿತು ಒಂದು ಧ್ವನಿ, ನಮ್ಮ ಊರಿನ ರಾಗದಲ್ಲಿ. ಕೋಸಿನ ಎಲೆ ತುಂಬಿದ ಬಕೆಟ್ಟು ಹಿಡಿದು ಬೇಲಿಯ ಒಳಗೆ ಒಬ್ಬ ನಡುವಯಸ್ಸಿನವನು ನಿಂತಿದ್ದ. ನನ್ನವರು ಯಾರೂ ಅವನ ಕಡೆ ತಿರುಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ. "ನೀನೂ ಸಡಿಲವಾದೋನಾ? ಎಷ್ಟನೇ ಗಂಟು?"

"ಆರನೇದು," ಎಂದೆ. ನನ್ನ ಮಾತಿಗೆ ಉತ್ತರ ಬಂದು ಎಷ್ಟೋ ಕಾಲವಾದ ಹಾಗಿತ್ತು. "ನೀವು?"

"ಮೂರನೇದು. ಹನ್ನೆರಡು ವರ್ಷ ಆಯ್ತು." ತನ್ನ ಹೆಸರನ್ನೂ ಹೇಳಿದ. "ಕೆಲಸ ಚೆನ್ನಾಗಿದೆ. ಯಾರೂ ಏನೂ ಕೇಳಲ್ಲ. ಇದೊಂದು ನೋಡ್ತದೆ, ಸಾಕು."

ಯಾರೂ ಏನೂ ಕೇಳುವುದಿಲ್ಲ. ಅಂಥ ಒಂದು ಬದುಕನ್ನು ನಾನು ಎಷ್ಟು ರಾತ್ರಿ ಕಲ್ಪಿಸಿಕೊಂಡಿಲ್ಲ! ಆವರಣ ಸ್ವಚ್ಛವಾಗಿತ್ತು, ನೆರಳಿತ್ತು, ಮೂಲೆಯಲ್ಲಿ ಅವನದೊಂದು ಕೋಣೆ, ಕಿಟಕಿಯಲ್ಲಿ ಒಂದೇ ಒಂದು ಲೋಟ. ಆ ಒಂದು ಲೋಟವನ್ನು ನಾನು ಬಹಳ ಹೊತ್ತು ನೋಡಿದೆ.

"ನಿಮ್ಮವರಿಗೆ ಹೆಸರು ನೆನಪಾಗಲಿಲ್ವಾ?" ಎಂದೆ.

"ಆಗಿತ್ತು. ನಮ್ಮಣ್ಣ ಕರೆದ. ಗೇಟಲ್ಲಿ ನಿಂತು ಸರಿಯಾಗೇ ಕರೆದ." ಅವನು ಒಂದು ಎಲೆಯನ್ನು ಹರಿದು ಹಕ್ಕಿಗೆ ಕೊಟ್ಟ. "ನಂಗೂ ಅವನಿಗೂ ಸರಿ ಇರಲಿಲ್ಲ. ಇನ್ನೊಂದು ಸಲ ಕರೀಲಿ, ಆಮೇಲೆ ಓ ಅನ್ನೋಣ ಅಂತ ಸುಮ್ಮನಿದ್ದೆ. ಎರಡನೇ ಕರೆ ಇಲ್ಲ ಅಂತ ಗೊತ್ತಿತ್ತು. ಆದ್ರೂ ಸುಮ್ಮನಿದ್ದೆ."

ಅಷ್ಟರಲ್ಲಿ ದೂರ ಹೋಗಿ ಬೇಲಿ ಹಿಡಿದು ನಿಂತಿದ್ದ ಅಪ್ಪ ವಾಪಸು ಬಂದ. "ಸಾಕಮ್ಮ, ಬೆಳಿಗ್ಗೆ ಗೇಟು ದಾಟಿ ಒಂದು ಗಂಟೆ ಆದ್ಮೇಲೆ ನಂಗೆ ಒಂಥರಾ ಹಗುರ ಆಯ್ತು," ಎಂದ. "ಬೆನ್ನ ಮೇಲೆ ಯಾರೋ ಕೂತಿದ್ದೋರು ಇಳಿದ ಹಾಗೆ. ಹಾಡಿದೆ ನೋಡು. ಯಾಕೆ ಹಾಡಿದೆ ನಾನು?"

"ಏನಂತ ಮಾತಾಡ್ತೀರಿ," ಎಂದಳು ಅಮ್ಮ.

"ನಾನು ಯಾರಿಗೋ ಒಂದು ಮಾತು ಅಂದಿದೀನಿ. ಇದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ. ಎಲೆ ಮುಂದೆ ಕೂತು ಅಂದಿದ್ದು. ಮಾತು ನಾಲಿಗೆ ಮೇಲೆ ಹಂಗೇ ಇದೆ. ಕೇಳಿಸಿಕೊಂಡ ಮುಖ ಇಲ್ಲ." ಅಪ್ಪ ಕತ್ತು ಬಗ್ಗಿಸಿದ. "ಅವನು ನನ್ನ ಜೊತೆ ಮಾತಾಡ್ತಿರಲಿಲ್ಲ. ಇವತ್ತು ನನ್ನ ಜೊತೆ ಮಾತಾಡದೋರು ಕಾರಲ್ಲಿ ಯಾರೂ ಇಲ್ಲ. ಅವನೇ ಇರಬೇಕು."

ಎರಡು ವರ್ಷ ನಾನು ಸುಮ್ಮನಿದ್ದದ್ದು ಅಪ್ಪನಿಗೆ ತಾಗಿಲ್ಲ ಅಂದುಕೊಂಡಿದ್ದೆ. ಅದೊಂದೇ ನನ್ನ ಗುರುತಾಗಿ ಅವನಲ್ಲಿ ಉಳಿದಿತ್ತು.

"ಹೆಸರು, ಮಾವ? ಹೆಸರು?" ಎಂದ ಭಾವ. ಅಪ್ಪ ತಲೆ ಅಲ್ಲಾಡಿಸಿದ.

ಮೂರೂವರೆ ಗಂಟೆಯಾಗುತ್ತ ಬಂದಿತ್ತು. ಎಲ್ಲರೂ ಕಾರು ಹತ್ತಿದರು. ಅಪ್ಪ ಮಾತ್ರ ಹಿಂದಿನ ಎಡಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತ. ನೀರಿನ ಕ್ಯಾನನ್ನು ಇಳಿಸಿ ಡಿಕ್ಕಿಗೆ ಹಾಕಿದ್ದರು. ಯಾರೆಂದು ತಿಳಿಯದವನಿಗಾಗಿ ಬಾಗಿಲು ಹಿಡಿದು ನಿಂತವನನ್ನು ದಾರಿಯಲ್ಲಿ ಹೋಗುವವರು ವಿಚಿತ್ರವಾಗಿ ನೋಡಿದರು. ನಾನು ಒಮ್ಮೆ ಬೇಲಿಯ ಕಡೆ ತಿರುಗಿದೆ. ಆ ಮೂರನೇ ಗಂಟಿನವನು ಬಕೆಟ್ಟು ತೊಳೆಯುತ್ತಿದ್ದ. ಹಕ್ಕಿ ಇನ್ನೂ ನನ್ನನ್ನೇ ನೋಡುತ್ತಿತ್ತು. ನಾನು ಹತ್ತಿ ಕೂತೆ. ಅಪ್ಪ ಇನ್ನೂ ಸ್ವಲ್ಪ ಹೊತ್ತು ಕಾದು, ಮೆಲ್ಲಗೆ, ಒಳಗೆ ಯಾರದಾದರೂ ಬೆರಳು ಸಿಕ್ಕೀತೇನೋ ಎಂಬಂತೆ ಬಾಗಿಲು ತಳ್ಳಿದ.

ದಾರಿಯುದ್ದಕ್ಕೂ ಅವರು ಹೆಸರುಗಳನ್ನು ಹುಡುಕಿದರು. "ಯಾವುದಾದ್ರೂ ಒಂದು ಕರೀರಿ ಮಾವ, ತಾಗಿದ್ರೆ ತಾಗಲಿ," ಎಂದ ಭಾವ. "ಲಾಟರಿನೇನ್ರೀ ಅದು? ಒಂದು ಸಲ ತಪ್ಪಿದ್ರೆ ಹೋಯ್ತು," ಎಂದು ಅಪ್ಪ ಗದರಿದ. ಅಮ್ಮ ತನ್ನ ತವರಿನ, ಅಪ್ಪನ ಮನೆತನದ ಹಿರಿಯರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿ, ಪ್ರತಿ ಹೆಸರಿಗೂ ತನ್ನ ಎದೆ ಏನನ್ನುತ್ತದೆ ಎಂದು ಕಾದಳು. ನನ್ನ ಮುತ್ತಜ್ಜನ ಹೆಸರಿಗೆ ಬಂದಳು. ಅದೇ ನನ್ನ ಹೆಸರು. "ಚನ್ನವೀರಯ್ಯ," ಎಂದಳು. ಕಾದಳು. ಮುಂದಿನ ಹೆಸರಿಗೆ ಹೋದಳು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ.

ಗೇಟು ತಲುಪಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಐದು ಹೆಸರುಗಳಾದವು, ಐದು ಓಗಳಾದವು. "ಆರನೇದು?" ಎಂದ ಕಾವಲಿನವನು. ಕತ್ತರಿ ಅವನ ಸೊಂಟದಲ್ಲಿ ದಾರಕ್ಕೆ ನೇತಾಡುತ್ತಿತ್ತು; ಕೈಗೆ ತೆಗೆದುಕೊಂಡ. ಅಪ್ಪ ಗಂಟನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದ.

"ಹಿಂದೆ ಗಾಡಿ ನಿಂತಿವೆ ಯಜಮಾನ್ರೆ."

"ತಡಿಯಪ್ಪ," ಎಂದ ಅಪ್ಪ. "ಈ ಕಾರಲ್ಲಿ ಕೂರಿಸಿ ನಾನು ಕಲಿಸದೇ ಇರೋರು ಯಾರೂ ಇಲ್ಲ. ಮಗನಾದ್ರೆ ಅವನಿಗೂ ಕಲಿಸಿರ್ತೀನಿ." ಮುಚ್ಚಿದ ಕಣ್ಣಿನಲ್ಲೇ ಅವನ ಎಡಗೈ ಗೇರಿನ ಮೇಲೆ ಹೋಯಿತು. ಎಡಗಾಲು ಕ್ಲಚ್ಚನ್ನು ತುಳಿಯಿತು. ತುಟಿಗಳು ಅಲ್ಲಾಡುತ್ತಿದ್ದವು. ಹಳೆಯ ಶಿಷ್ಯರನ್ನೆಲ್ಲ ಅವನು ಪಕ್ಕದ ಸೀಟಿಗೆ ಒಬ್ಬೊಬ್ಬರಾಗಿ ಕರೆದು ಕೂರಿಸಿ ಇಳಿಸುತ್ತಿದ್ದಾನೆ ಎಂದು ನನಗೆ ತಿಳಿಯಿತು. "ಒಬ್ಬನಿದ್ದ," ಎಂದ. "ಹೇಳಿದ್ದೆಲ್ಲ ಮಾಡ್ತಿದ್ದ. ಸರಿ ಅನ್ನು, ಕೇಳಿಸ್ತು ಅನ್ನು ಅಂತ ಬೈದ್ರೂ ಬಾಯಿ ಬಿಡ್ತಿರಲಿಲ್ಲ. ದಿಬ್ಬದ ಮೇಲೆ ಗಾಡಿ ಹಿಂದಕ್ಕೆ ಜಾರ್ತಿತ್ತು. ನಾನು ಕೂಗಿದೆ..." ಅಪ್ಪನ ಕತ್ತಿನ ನರ ಉಬ್ಬಿತು. ಪಾಠದ ಹೊತ್ತಿನ ಅದೇ ದೊಡ್ಡ ಧ್ವನಿಯಲ್ಲಿ, ಕಾವಲಿನವನು ಹಿಂದೆ ಸರಿಯುವ ಹಾಗೆ ಕೂಗಿದ:

"ಕ್ಲಚ್ ಬಿಡೋ, ಚನ್ನೀರಾ!"

ಅಮ್ಮ ತಿರುಗಿ ಹಿಂದಿನ ಸೀಟನ್ನು ನೋಡುತ್ತಿದ್ದಳು. ಅವಳ ಕಣ್ಣು ಇನ್ನೂ ನನ್ನನ್ನು ಮುಟ್ಟಿರಲಿಲ್ಲ. ಕತ್ತರಿ ಬಾಯಿ ತೆರೆದುಕೊಂಡಿತ್ತು. ನಾಚಿಕೆಯ ಮಾತು, ಆದರೆ ಹೇಳಬೇಕು: ಆ ಹೊತ್ತಿನಲ್ಲೂ ನನ್ನೊಳಗೆ ಯಾವುದೋ ಒಂದು, ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿತ್ತು. ಕಿಟಕಿಯಲ್ಲಿದ್ದ ಒಂದೇ ಒಂದು ಲೋಟ ಕಣ್ಣ ಮುಂದೆ ಬಂತು.

"ಓ," ಎಂದೆ.

ಧ್ವನಿ ಒಡೆದಿತ್ತು. ಅಮ್ಮ ಚೀರಿದಳು. ಅಕ್ಕ ನನ್ನ ತಲೆಗೆ ಒಂದು ಏಟು ಕೊಟ್ಟು, ಅದೇ ಕೈಯಲ್ಲಿ ನನ್ನ ಕತ್ತು ತಬ್ಬಿಕೊಂಡಳು. ಭಾವ, "ಏಯ್, ನಿನ್ನ ಜಾಗಕ್ಕೆ ಬೆಳಗಿಂದ ಕಾಲು ಚಾಚಿಕೊಂಡಿದ್ದೆನಲ್ಲೋ," ಎಂದು ಸರಿದು ಜಾಗ ಮಾಡಿದ. ಮಿಂಚು ಸಿಟ್ಟಾಗಿ, "ಮಾಮ, ಆಸ್ಟ್ರಿಚ್ ನೋಡಕ್ಕೆ ನೀನು ಬರಲೇ ಇಲ್ಲ," ಎಂದಳು. ಕಾವಲಿನವನು ಕತ್ತರಿಯನ್ನು ಬಿಟ್ಟ. ಅದು ಅವನ ಸೊಂಟಕ್ಕೆ ಬಡಿದು ತೂಗಾಡಿತು. ಅಡ್ಡಗಂಬ ಎದ್ದಿತು. ಕಾರು ಸರಳುಗಳ ಪಕ್ಕ ಹಾದುಹೋಗುವಾಗ, ಬಕೆಟ್ಟಿನವನ ಗಂಟು ಯಾವುದಿರಬಹುದು ಎಂದು ನೋಡಿದೆ. ಅವನ ಹೆಸರು ಹೇಳಿಕೊಳ್ಳಲು ಹೋದೆ. ಕಾರು ಗೇಟು ದಾಟಿತ್ತು, ಹೆಸರು ನೆನಪಿನಲ್ಲಿ ಇರಲಿಲ್ಲ. ಅವನು ಆಡಿದ ಮಾತು ಉಳಿದಿದೆ, ಅಷ್ಟೇ.

ಅಪ್ಪ ಹಿಂತಿರುಗಿ ನೋಡಲಿಲ್ಲ. ಎಡಬದಿಯ ರಸ್ತೆಗೆ ಕಾರನ್ನು ತಂದು, ಎರಡು ಸಲ ಕೆಮ್ಮಿ, ಕನ್ನಡಿ ಸರಿಮಾಡಿಕೊಂಡ.

"ಬಾಗಿಲು ಸರಿಯಾಗಿ ಹಾಕಿದೀಯೇನೋ?" ಎಂದ.

ಬಾಗಿಲನ್ನು ಅವನೇ ಹಾಕಿದ್ದ. ನಾನು ಹಿಡಿಯನ್ನು ಎಳೆದು ನೋಡಿದೆ.

"ಹಾಕಿದೆ ಅಪ್ಪ," ಎಂದೆ.